ಆಷಾಢದ ಮ್ಯಾನೇಜರು

ಆಗೆಲ್ಲ ಕುಮಟೆಯಲ್ಲಿ ಆಷಾಢ ಬಂತೆಂದರೆ ಅಪ್ಪನ ಅಂಗಡಿಯ ಕಂಪ್ಯೂಟರಿಗೆ ರಜೆ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಮೇಳಗಳು ಗೆಜ್ಜೆ ಬಿಚ್ಚಿ ಮನೆ ಸೇರಿದ ಮೇಲೆ ಯಕ್ಷಗಾನದ ಕರಪತ್ರವೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನದು ಸಣ್ಣ ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಶ್ರದ್ಧಾಂಜಲಿ ಎಲ್ಲ ಅಲ್ಲೇ ಟೈಪಾಗಿ ಅಲ್ಲೇ ಅಚ್ಚಾಗುತ್ತಿದ್ದವು. ಮಳೆಗಾಲದಲ್ಲಿ ಕಾಗದ ನೀರು ಹೀರಿ ಮೆತ್ತಗಾಗುತ್ತದೆಂದು ಕಪಾಟಿನೊಳಗೆ ಒಂದು ಬಲ್ಬು ಉರಿಸಿಡುತ್ತಿದ್ದರು. ಬಾಗಿಲು ತೆಗೆದರೆ ಬಿಸಿ ಕಾಗದದ ವಾಸನೆ, ಅದರ ಜೊತೆ ಶಾಯಿಯದು, ಮೂಲೆಯಲ್ಲಿ ನೀರಿಳಿಸುತ್ತ ನಿಂತ ಛತ್ರಿಗಳದು. ಸಂಜೆ ಶಾಲೆ ಬಿಟ್ಟವಳು ನೇರ ಅಲ್ಲಿಗೇ ಹೋಗುತ್ತಿದ್ದೆ. ಅಪ್ಪ ಎದುರಿನ ಹೋಟೆಲಿನಿಂದ ಒಂದು ಪ್ಲೇಟ್ ಬನ್ಸ್ ತರಿಸಿ ನನ್ನ ಮುಂದಿಟ್ಟು, ತಾವು ಪೇಪರ್ ಹಿಡಿದು ಕೂತುಬಿಡುತ್ತಿದ್ದರು.

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ ಆ ಆಟ ನಮ್ಮ ಅಂಗಡಿಗೆ ಬಂತು. ತಂದವನು ನನ್ನ ಅಣ್ಣ ವಿನಯ. ಭಟ್ಕಳದ ಪೇಟೆಯಲ್ಲಿ ದುಬೈ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಸಿ.ಡಿ. ಸಿಕ್ಕಿತ್ತಂತೆ. ಕವರಿನ ಮೇಲೆ ಫುಟ್‌ಬಾಲ್ ಮೈದಾನದ ಚಿತ್ರ ಇತ್ತು. ಕೀ ಒತ್ತಿದರೆ ಆಟಗಾರ ಓಡುತ್ತಾನೆ, ಇನ್ನೊಂದು ಒತ್ತಿದರೆ ಒದೆಯುತ್ತಾನೆ ಎಂದು ಅಣ್ಣ ತಿಳಿದಿದ್ದ. ಹಾಕಿ ನೋಡಿದರೆ ಬರೀ ಹೆಸರುಗಳ ಸಾಲು, ಅಂಕಿಗಳ ಸಾಲು. ಪಂದ್ಯ ಶುರುವಾದರೂ ಹಸಿರು ಚೌಕದ ಮೇಲೆ ಸಾಸಿವೆಯಷ್ಟು ಚುಕ್ಕೆಗಳು ಅತ್ತಿತ್ತ ಜಾರುತ್ತಿದ್ದವು. ಅಣ್ಣ ಎಲ್ಲ ಕೀ ಒತ್ತಿ ನೋಡಿದ, ಒಂದು ಚುಕ್ಕೆಯೂ ಅವನ ಮಾತು ಕೇಳಲಿಲ್ಲ. ಇದೆಂತ ಆಟ, ರೇಷನ್ ಅಂಗಡಿ ಪಟ್ಟಿ ಕಂಡಹಾಗೆ ಇದೆ ಎಂದು ಬೈದು ಎದ್ದು ಹೋದ.

ಅವನು ಬಿಟ್ಟ ಕುರ್ಚಿಯಲ್ಲಿ ನಾನು ಕೂತೆ. ನನಗೆ ಫುಟ್‌ಬಾಲ್ ಎಂದರೆ ಏನೂ ಗೊತ್ತಿರಲಿಲ್ಲ. ಹೆಡ್ ಬಂದರದ ಮರಳಿನ ಮೇಲೆ ಅಣ್ಣ ಮತ್ತವನ ಗೆಳೆಯರು ಆಡುವುದನ್ನು ದೂರದಿಂದ ಕಂಡಿದ್ದೆ, ಅಷ್ಟೇ. ಹುಡುಗಿಯರು ಆಡುವ ಪದ್ಧತಿ ಇರಲಿಲ್ಲ, ಆಡಬೇಕೆಂದು ನನಗೂ ಅನಿಸಿರಲಿಲ್ಲ. ಆದರೆ ಈ ಆಟದಲ್ಲಿ ಓಡಬೇಕಾಗಿರಲಿಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಯಾರನ್ನು ಮಾರಬೇಕು ಎಂದು ಹೇಳಿದರೆ ಸಾಕಿತ್ತು. ಹಳದಿ ಅಂಗಿ ಚಂದ ಕಂಡಿತೆಂದು ಯಾವುದೋ ದೇಶದ ಯಾವುದೋ ಊರಿನ ತಂಡವನ್ನು ಆರಿಸಿಕೊಂಡೆ. ಪರದೆಯ ಮೂಲೆಯಲ್ಲಿ ‘ಕಂಟಿನ್ಯೂ’ ಎಂಬ ಗುಂಡಿ ಇತ್ತು. ಬೇರೇನೂ ತಿಳಿಯದೆ ಅದನ್ನೇ ಒತ್ತುತ್ತ ಹೋದೆ. ವಾರಗಳು ಕಳೆದವು, ತಂಡ ಸೋಲುತ್ತ ಹೋಯಿತು. ಯಾರೋ ಏನೋ ಕೇಳಿದಾಗ ‘ಆಕ್ಸೆಪ್ಟ್’ ಒತ್ತಿದೆ. ಆಮೇಲೆ ನೋಡಿದರೆ ನನ್ನ ಗೋಲ್ ಕೀಪರೇ ಇರಲಿಲ್ಲ. ಅವನನ್ನು ನಾನೇ ಮಾರಿದ್ದೆ.

ಒಂದು ದಿನ ಪರದೆಯ ಮೇಲೆ ನಾನು ‘ಸ್ಯಾಕ್ಡ್’ ಎಂದು ಬಂತು. ಅಪ್ಪನ ಇಂಗ್ಲಿಷ್ ನಿಘಂಟು ತೆಗೆದು ಹುಡುಕಿದೆ. ಸ್ಯಾಕ್ ಎಂದರೆ ಗೋಣಿಚೀಲ ಎಂದಿತ್ತು. ಇಷ್ಟು ಸೋತರೂ ನನಗೊಂದು ಗೋಣಿಚೀಲ ಕೊಟ್ಟರಲ್ಲ, ಒಳಗೆ ಏನಿರಬಹುದು ಎಂದು ಬಹಳ ಹೊತ್ತು ಹುಡುಕಾಡಿದೆ. ಕೊನೆಗೆ ಅಪ್ಪನನ್ನು ಕೇಳಿದರೆ ಅವರು ಕನ್ನಡಕ ಏರಿಸಿ ಓದಿ, ನಗು ತಡೆಯಲಾಗದೆ, ನಿನ್ನನ್ನು ಕೆಲಸದಿಂದ ತೆಗೆದು ಹಾಕಿದ್ದಾರೆ ಮಾರಾಯ್ತಿ ಎಂದರು. ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಆ ಗೋಣಿಚೀಲದ್ದೇ ಮಾತು. ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಆ ಹಟಕ್ಕೇ ಇರಬೇಕು, ನಾನು ಆಟ ಕಲಿತೆ. ಪ್ರತಿ ಆಟಗಾರನ ಹೆಸರು ಒತ್ತಿದರೆ ಅವನ ಗುಣಗಳೆಲ್ಲ ಬರುತ್ತಿದ್ದವು. ಓಟಕ್ಕೆ ಇಷ್ಟು, ಒದೆತಕ್ಕೆ ಇಷ್ಟು, ಧೈರ್ಯಕ್ಕೆ ಇಷ್ಟು ಎಂದು ಇಪ್ಪತ್ತಕ್ಕೆ ಅಂಕ. ದಣಿದವನನ್ನು ಕೂರಿಸಬೇಕು, ಬೇಜಾರಾದವನನ್ನು ಹೊಗಳಬೇಕು, ಹಿಂದಿನ ನಾಲ್ವರು ಒಂದೇ ಗೆರೆಯಲ್ಲಿ ನಿಲ್ಲಬೇಕು ಎಂಬುದೆಲ್ಲ ಒಂದೊಂದಾಗಿ ಗೊತ್ತಾಯಿತು. ನಡುನಡುವೆ ಕರೆಂಟು ಹೋಗಿ, ಸೇವ್ ಮಾಡದೆ ಇದ್ದ ಗೆಲುವುಗಳೆಲ್ಲ ಕಂಪ್ಯೂಟರಿನ ಜೊತೆಗೇ ಸತ್ತುಹೋಗುತ್ತಿದ್ದವು. ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ. ಸೋಲುತ್ತಿದ್ದ ಹಳದಿ ಅಂಗಿಯವರು ಒಂದು ದಿನ ಕಪ್ಪನ್ನೇ ಗೆದ್ದರು. ಅಣ್ಣ ಅಂದು ಮೊದಲ ಸಲ ನನ್ನ ಹಿಂದೆ ನಿಂತು ಪೂರ್ತಿ ಪಂದ್ಯ ನೋಡಿದ.

ಆ ಸಿ.ಡಿ.ಯಲ್ಲಿಯೇ ಇನ್ನೊಂದು ಸಾಧನ ಇರುವುದನ್ನು ಕಂಡುಹಿಡಿದವನೂ ಅಣ್ಣನೇ. ಅದರಿಂದ ಆಟಗಾರರ ಹೆಸರು, ಅಂಕ ಎಲ್ಲ ಬದಲಾಯಿಸಬಹುದಿತ್ತು. ಹಳದಿ ತಂಡದವರ ಹೆಸರು ಅಳಿಸಿ ನಮ್ಮ ಹುಡುಗರದನ್ನು ಹಾಕು ಎಂದ. ನಾನು ಕೂತು ಹಾಕಿದೆ. ಆದರೆ ಹೆಸರು ಹಾಕಿದರೆ ಮುಗಿಯುವುದಿಲ್ಲ, ಅಂಕವೂ ಹಾಕಬೇಕು. ಅದಕ್ಕಾಗಿ ಎರಡು ಸಂಜೆ ಅಣ್ಣನ ಜೊತೆ ಹೆಡ್ ಬಂದರಕ್ಕೆ ಹೋಗಿ, ಛತ್ರಿ ಹಿಡಿದು ನಿಂತು ಅವರಾಡುವುದನ್ನು ನೋಡಿದೆ. ಪರೀಕ್ಷೆಯ ದಿನ ಬರುವ ಇನ್‌ಸ್ಪೆಕ್ಟರಂತೆ ನಿಂತಿದ್ದೆನೆಂದು ತೋರುತ್ತದೆ. ಹುಡುಗರು ನನ್ನ ಕಡೆ ನೋಡಿ ನೋಡಿ ಜೋರಾಗಿ ಓಡುತ್ತಿದ್ದರು.

ದಾಮುವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಬಂದರದ ಹತ್ತಿರದವನು, ಅಣ್ಣನ ತರಗತಿಯವನೇ. ಅವನ ಅಪ್ಪ, ಹೆಸರು ಪಾಂಡುರಂಗ, ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದರು. ಸಣಕಲು ಹುಡುಗ, ಬರಿಗಾಲು, ಮೊಣಕಾಲಿನವರೆಗೆ ಮಡಚಿದ ಖಾಕಿ ಪ್ಯಾಂಟು. ಚೆಂಡು ಒಮ್ಮೆ ಅವನ ಕಾಲಿಗೆ ಸಿಕ್ಕಿತೆಂದರೆ ಮತ್ತೆ ಯಾರಿಗೂ ಇಲ್ಲ. ಒಬ್ಬನನ್ನು ದಾಟುತ್ತಿದ್ದ, ಇನ್ನೊಬ್ಬನನ್ನು ದಾಟುತ್ತಿದ್ದ, ಮುಂದೆ ಗೋಲು ತೆರೆದು ಬಿದ್ದಿದ್ದರೂ ನಗುತ್ತ ತಿರುಗಿ ಬಂದು ಆಗಲೇ ದಾಟಿದವನನ್ನೇ ಮತ್ತೊಮ್ಮೆ ದಾಟುತ್ತಿದ್ದ. ಹೊಡೆದರೆ ಹೊಡೆದ, ಇಲ್ಲವಾದರೆ ಚೆಂಡನ್ನು ಕಳಕೊಂಡು ಮರಳಲ್ಲಿ ಬಿದ್ದುಕೊಂಡೇ ನಗುತ್ತಿದ್ದ. ಆ ಕಡೆ ಅಣ್ಣ ಗೋಲಿನ ಬಾಯಲ್ಲಿ ಕೈ ಎತ್ತಿ ನಿಂತು ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳುತ್ತಿದ್ದ. ಮನೆಗೆ ಬಂದರೂ ಅದೇ ಗೊಣಗಾಟ. ಆ ದಾಮು ಒಂದು ಪಾಸ್ ಕೊಟ್ಟಿದ್ದರೆ ಇವತ್ತು ಗೆಲ್ಲುತ್ತಿದ್ದೆವು ಎಂಬುದನ್ನು ನಾನು ಸಾರಿನ ಜೊತೆ ದಿನಾ ಉಣ್ಣುತ್ತಿದ್ದೆ.

ಹಾಗಾಗಿ ದಾಮುವಿಗೆ ಓಟಕ್ಕೆ ಹದಿನೆಂಟು ಹಾಕಿದೆ. ಚೆಂಡು ಹಿಡಿದು ದಾಟುವುದಕ್ಕೆ ಹತ್ತೊಂಬತ್ತು. ಟೀಮ್ ವರ್ಕ್ ಎಂಬಲ್ಲಿಗೆ ಬಂದಾಗ ಅಣ್ಣನ ಗೊಣಗಾಟ ನೆನಪಾಗಿ ನಾಲ್ಕು ಹಾಕಿದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಒಂದು ಶನಿವಾರ ಸಂಜೆ ಮಳೆ ಜೋರಾಗಿ ಹುಡುಗರೆಲ್ಲ ಅಂಗಡಿಗೆ ನುಗ್ಗಿದರು. ಅಪ್ಪ ಒಳ್ಳೆಯವರು, ಪೇಪರ್ ಎತ್ತಿಕೊಂಡು ಹೊರಗಿನ ಜಗಲಿಗೆ ಹೋದರು. ಒದ್ದೆ ಅಂಗಿಗಳ ಬಿಸಿ, ಶೇಂಗಾ ಸಿಪ್ಪೆ, ಒಬ್ಬರ ಮೇಲೊಬ್ಬರು. ನನ್ನದು ತೋರಿಸು, ನನ್ನದು ತೋರಿಸು ಎಂದು ಎಲ್ಲರೂ ನನ್ನ ಕುರ್ಚಿ ಹಿಡಿದು ನಿಂತಿದ್ದರು. ಅದುವರೆಗೆ ನನ್ನನ್ನು ವಿನಯನ ತಂಗಿ ಎಂದಷ್ಟೇ ಗುರುತಿಸುತ್ತಿದ್ದವರು ಅವತ್ತು ಮ್ಯಾನೇಜರ್ ಮ್ಯಾನೇಜರ್ ಎಂದು ಕರೆದರು. ನಾನು ಒಬ್ಬೊಬ್ಬರದಾಗಿ ಗಟ್ಟಿಯಾಗಿ ಓದಿದೆ. ದಾಮುವಿನ ಹದಿನೆಂಟು, ಹತ್ತೊಂಬತ್ತು ಬಂದಾಗ ಹುಡುಗರು ಬೆಂಚು ಬಡಿದರು. ನಾಲ್ಕು ಬಂದಾಗ ಇನ್ನೂ ಜೋರಾಗಿ ಬಡಿದು ನಕ್ಕರು. ದಾಮುವೂ ನಕ್ಕ. ಆಮೇಲೆ ಟೀಮ್ ವರ್ಕ್ ಎಂದರೆ ಎಂತ ಎಂದು ಕೇಳಿದ.

“ಎಲ್ಲರ ಸಂಗ್ತಿಗೆ ಸೇರಿ ಆಡೂಕೆ ನಿಂಗೆ ಬರೂದಿಲ್ಲ ಅಂತ,” ಅಂದ ಅಣ್ಣ.

ದಾಮು ಪರದೆಯನ್ನು ಮತ್ತೊಮ್ಮೆ ನೋಡಿದ. ಅವನ ಮುಖದ ಮೇಲೆ ನಗು ಹಾಗೇ ಇತ್ತು, ಯಾರೋ ಕೊಟ್ಟದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತವನ ಹಾಗೆ.

ಆಮೇಲೆ ನಾವು ಕಂಪ್ಯೂಟರಿನಲ್ಲಿ ನಮ್ಮ ತಂಡವನ್ನು ಆಡಿಸಿ ನೋಡಿದೆವು. ದಾಮು ಇದ್ದಾಗ ಸೋತೆವು, ಅವನನ್ನು ಕೂರಿಸಿದಾಗ ಗೆದ್ದೆವು. ಮತ್ತೊಮ್ಮೆ ಆಡಿಸಿದೆವು, ಮತ್ತೆ ಹಾಗೇ ಆಯಿತು. ಅದು ಕಾಕತಾಳೀಯ ಇರಬಹುದೆಂದು ಹೇಳುವಷ್ಟು ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲಿಲ್ಲ.

ಭಟ್ಕಳದ ಪಂದ್ಯ ಗೊತ್ತಾದದ್ದು ಅಪ್ಪನಿಂದ. ಅಲ್ಲಿನ ಬಟ್ಟೆ ವ್ಯಾಪಾರಿಯೊಬ್ಬರು ಅಪ್ಪನ ಹತ್ತಿರ ಬಿಲ್ ಪುಸ್ತಕ ಮಾಡಿಸುತ್ತಿದ್ದರು. ಅವರ ಮಗನೂ ಓಣಿಯ ಹುಡುಗರ ತಂಡ ಕಟ್ಟಿದ್ದ. ಮಕ್ಕಳು ಒಂದು ದಿನ ಬಂದು ಆಡಲಿ, ನಮ್ಮಲ್ಲೇ ಊಟ ಮಾಡಲಿ ಎಂದು ಅವರೇ ಫೋನಿನಲ್ಲಿ ಹೇಳಿದರು. ಅಪ್ಪನಿಗೂ ಬಿಲ್ ಪುಸ್ತಕದ ಕಟ್ಟು ಮುಟ್ಟಿಸುವುದಿತ್ತು. ಭಾನುವಾರ ಬೆಳಿಗ್ಗೆ ನಾವೆಲ್ಲ ಪ್ಯಾಸೆಂಜರ್ ರೈಲು ಹತ್ತಿದೆವು. ಅಮ್ಮ ಒಂದು ದೊಡ್ಡ ಡಬ್ಬಿ ತುಂಬ ಒಗ್ಗರಣೆ ಅವಲಕ್ಕಿ ಕೊಟ್ಟಿದ್ದಳು. ಹೊನ್ನಾವರದ ಶರಾವತಿ ಸೇತುವೆ ಬಂದಾಗ ಹುಡುಗರು ಬಾಗಿಲಿಗೆ ಮುಗಿಬಿದ್ದರು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ದಾಮುವಿನ ಅಪ್ಪ ಪಾಂಡುರಂಗ ಕೂಡ ಬಂದಿದ್ದರು. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು, ಬೋಟುಗಳೆಲ್ಲ ದಡದಲ್ಲಿದ್ದವು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕಿಟಕಿಯ ಹತ್ತಿರ ಕೂತಿದ್ದರು. ಮಗ ಆಡುವುದನ್ನು ತಾನು ಒಮ್ಮೆಯೂ ಕಂಡಿಲ್ಲ, ಆಡುವ ಹೊತ್ತಿಗೆ ತಾನು ಯಾವಾಗಲೂ ನೀರಲ್ಲೇ, ಇಲ್ಲವಾದರೆ ಬಲೆಯ ಕೆಲಸದಲ್ಲೇ ಎಂದು ಅಪ್ಪನ ಹತ್ತಿರ ಹೇಳುತ್ತಿದ್ದರು. ಎದುರಿನ ಸೀಟಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ದಾಮುವನ್ನು ಕೂರಿಸಬೇಕೆಂದು ನಾನೂ ಅಣ್ಣನೂ ಹಿಂದಿನ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಅದನ್ನು ಅವರೆದುರಿಗೆ ಹೇಳುವ ಬಾಯಿ ಇಬ್ಬರಿಗೂ ಇರಲಿಲ್ಲ.

ಮೈದಾನದಲ್ಲಿ ಅಣ್ಣ ಹೆಸರು ಕೂಗಿದ. ದಾಮುವಿನ ಹೆಸರು ಬರಲಿಲ್ಲ. ಅವನು ಬಂದು, ಚಿರೆಕಲ್ಲಿನ ಕಟ್ಟೆಯ ಮೇಲೆ ನನ್ನ ಛತ್ರಿಯ ಅಂಚಿಗೆ ಕೂತ. ಅಣ್ಣ ಭಟ್ಕಳದ ಹುಡುಗರಿಗೆ ನನ್ನನ್ನು ತೋರಿಸಿ ಇವಳು ನಮ್ಮ ಮ್ಯಾನೇಜರು ಎಂದ. ಅವರು ನಗಲಿಲ್ಲ. ಅವರ ಕ್ಯಾಪ್ಟನ್ ಬಟ್ಟೆ ವ್ಯಾಪಾರಿಯ ಮಗ, ಬಹಳ ಮರ್ಯಾದೆಯಿಂದ ತಲೆ ಬಾಗಿಸಿದ. ಅವರು ನಕ್ಕಿದ್ದರೆ ಆಮೇಲೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಗೊತ್ತಾಯಿತು. ಕಂಪ್ಯೂಟರಿನಲ್ಲಿ ಮೈದಾನ ಯಾವಾಗಲೂ ಹಸಿರು, ಚೆಂಡು ಕಳಿಸಿದಲ್ಲಿಗೆ ಹೋಗುತ್ತದೆ. ಇಲ್ಲಿ ಮೈದಾನದ ಅರ್ಧ ನೀರು ನಿಂತಿತ್ತು. ನಮ್ಮ ಹುಡುಗರು ನಾನು ಹೇಳಿಕೊಟ್ಟಂತೆ ಒಬ್ಬರಿಗೊಬ್ಬರು ಪಾಸ್ ಕೊಟ್ಟರು, ಚೆಂಡು ಅರ್ಧದಾರಿಗೆ ಹೊಂಡದಲ್ಲಿ ನಿಂತುಬಿಡುತ್ತಿತ್ತು. ಹಿಂದಿನ ನಾಲ್ವರು ಒಂದೇ ಗೆರೆಯಲ್ಲಿ ಇರಬೇಕೆಂದು ಅಕ್ಕಪಕ್ಕ ನೋಡಿಕೊಳ್ಳುತ್ತ ನಿಂತರು. ಅವರ ನಡುವಿನಿಂದ ಭಟ್ಕಳದ ಹುಡುಗರು ಓಡಿಹೋಗಿ ಗೋಲು ಹೊಡೆದರು. ಮತ್ತೆ ಹೊಡೆದರು. ಪ್ರತಿ ಗೋಲಿಗೂ ನಮ್ಮ ಹುಡುಗರು ತಿರುಗಿ ನನ್ನ ಕಡೆ ನೋಡುತ್ತಿದ್ದರು. ಬೈಯುವ ನೋಟ ಅಲ್ಲ ಅದು. ಇನ್ನು ಎಂತ ಮಾಡುವುದು, ಹೇಳು ಎಂದು ಕೇಳುವ ನೋಟ. ಛತ್ರಿಯನ್ನು ತುಸು ಕೆಳಗಿಳಿಸಿ ಮುಖ ಮರೆಮಾಡಿಕೊಂಡೆ.

ಮಧ್ಯಂತರಕ್ಕೆ ಸೀಟಿ ಊದಿದಾಗ ಪಾಂಡುರಂಗ ಆಚೆಯ ಕಟ್ಟೆಯಿಂದ ಎದ್ದು, ನೀರು ತಪ್ಪಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ಹತ್ತಿರ ಬಂದರು. ಅಣ್ಣನ ಹತ್ತಿರ ಹೋಗುತ್ತಾರೆಂದುಕೊಂಡೆ. ನನ್ನ ಹತ್ತಿರವೇ ಬಂದರು. ಮ್ಯಾನೇಜರ್ ಯಾರೆಂದು ಅವರಿಗೆ ಯಾರೋ ಹೇಳಿದ್ದರು. ದಾಮು ಅಷ್ಟರಲ್ಲಿ ಎದ್ದು ನೀರು ಕುಡಿಯಲು ಹೋಗಿದ್ದ.

“ತಂಗೀ,” ಅಂದರು ಮೆಲ್ಲಗೆ, “ನಮ್ಮ ಹುಡುಗ ಎಂತಾರೂ ತಪ್ಪು ಮಾಡಿದ್ನ? ಮಾಡಿದ್ರೆ ಹೇಳು, ನಾ ಬುದ್ಧಿ ಹೇಳ್ತೆ.”

ನನ್ನ ಅಪ್ಪನಿಗಿಂತ ದೊಡ್ಡವರು. ಏಳನೇ ಇಯತ್ತೆಯ ಹುಡುಗಿಯ ಮುಂದೆ ಸ್ವಲ್ಪ ಬಾಗಿ ನಿಂತಿದ್ದರು. ಇಲ್ಲ, ಅವನೇನೂ ಮಾಡಲಿಲ್ಲ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಕಂಪ್ಯೂಟರಲ್ಲಿ ಹಾಗೆ ಬಂದದ್ದು,” ಅಂದೆ.

“ಹೌದಾ,” ಅಂದರು. ತಾಲೂಕು ಕಚೇರಿಯಲ್ಲಿ ಗುಮಾಸ್ತ ಕಂಪ್ಯೂಟರಲ್ಲಿ ನಿಮ್ಮ ಹೆಸರಿಲ್ಲ ಎಂದರೆ ಜನ ಹೇಗೆ ತಲೆಯಾಡಿಸಿ ಹೊರಗೆ ಬರುತ್ತಾರೋ ಹಾಗೆ ತಲೆಯಾಡಿಸಿ, ಅದೇ ನೀರು ದಾಟಿಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು. ಅವರ ಬಿಳಿ ಅಂಗಿಯ ಬೆನ್ನಿಗೆ ಕೆಸರು ಸಿಡಿದಿತ್ತು. ನನಗೆ ಆ ಕ್ಷಣ ಭೂಮಿಯೊಳಗೆ ಇಳಿದುಹೋಗಬೇಕು ಅನಿಸಿತು. ಅಣ್ಣನ ಹತ್ತಿರ ಓಡಿಹೋಗಿ, ದಾಮುವನ್ನು ಆಟಕ್ಕೆ ಬಿಡು, ಈಗಲೇ ಬಿಡು ಎಂದೆ. ಅಣ್ಣನೂ ಅದನ್ನೇ ಕಾಯುತ್ತಿದ್ದವನಂತೆ ಆತು ಎಂದ.

ದಾಮು ಇಳಿದ. ನಾನು ಕಟ್ಟೆಯ ಮೇಲೆ ಎದ್ದು ನಿಂತೆ. ಇನ್ನೇನು, ಆ ಕೆಸರು ಅವನಿಗಾಗಿಯೇ ಮಾಡಿದ್ದು, ಒಬ್ಬೊಬ್ಬರನ್ನಾಗಿ ದಾಟಿ ಹೋಗುತ್ತಾನೆ, ಅವನ ಅಪ್ಪ ನೋಡುತ್ತಾರೆ, ನನ್ನ ತಪ್ಪು ತೊಳೆದುಹೋಗುತ್ತದೆ ಎಂದುಕೊಂಡೆ. ಚೆಂಡು ಅವನ ಕಾಲಿಗೆ ಬಂತು. ಅವನು ತಲೆಯೆತ್ತಿ ಸುತ್ತ ನೋಡಿ, ಹತ್ತಿರದವನಿಗೆ ಪಾಸ್ ಕೊಟ್ಟ. ಮತ್ತೆ ಬಂತು, ಮತ್ತೆ ಕೊಟ್ಟ. ಚೆಂಡು ಕಾಲಿಗೆ ತಾಗಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವನಂತೆ ಬಿಟ್ಟುಬಿಡುತ್ತಿದ್ದ. ಒಮ್ಮೆ ಗೋಲಿನ ಮುಂದೆ ಅವನೊಬ್ಬನೇ ಇದ್ದ. ಕೀಪರ್ ಜಾರಿ ಬಿದ್ದಿದ್ದ. ಒಂದು ಸಣ್ಣ ಒದೆ ಸಾಕಿತ್ತು. ದಾಮು ನಿಂತು, ಅಣ್ಣ ಎಲ್ಲಿದ್ದಾನೆಂದು ಹುಡುಕಿ, ಅವನ ಕಡೆ ಚೆಂಡು ತಳ್ಳಿದ. ಅಣ್ಣ ಅದನ್ನು ನಿರೀಕ್ಷಿಸಿಯೇ ಇರಲಿಲ್ಲ. ಚೆಂಡು ಅವನ ಕಾಲಿನ ಪಕ್ಕದಿಂದ ಹಾದು ಗೆರೆಯಾಚೆಗೆ ಹೋಯಿತು. ಅಷ್ಟು ಹೊತ್ತೂ ದಾಮುವಿನ ಮುಖದಲ್ಲಿ ನಗು ಇರಲಿಲ್ಲ. ನಾಲಿಗೆಯ ತುದಿ ಕಚ್ಚಿಕೊಂಡು, ಲೆಕ್ಕ ಬಿಡಿಸುವವನಂತೆ ಆಡುತ್ತಿದ್ದ.

ನಾವು ಒಂದು ಗೋಲೂ ಹೊಡೆಯದೆ ಸೋತೆವು. ಆಟ ಮುಗಿದ ಮೇಲೆ ದಾಮು ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬಂದ. ಮೈತುಂಬ ಕೆಸರು, ಮುಖದಲ್ಲಿ ಈಗ ನಗು ಬಂದಿತ್ತು.

“ಎಷ್ಟು ಪಾಸ್ ಕೊಟ್ಟೆ, ಕಂಡ್ಯ ತಂಗಿ?” ಅಂದ.

ಕಂಡೆ ಎಂದೆ.

ಊಟ ವ್ಯಾಪಾರಿಯ ಮನೆಯಲ್ಲಿ. ಗಂಡಸರು, ಹುಡುಗರು ಹೊರಗಿನ ಪಡಸಾಲೆಯಲ್ಲಿ ಕೂತರು, ನನ್ನನ್ನು ಒಳಗೆ ಕರೆದರು. ದೊಡ್ಡ ತಟ್ಟೆಯ ತುಂಬ ಬಿರಿಯಾನಿ, ಮೇಲೆ ಹುರಿದ ಈರುಳ್ಳಿ. ಮಸಾಲೆಯ ಘಮಕ್ಕೆ ಬೇರೆ ದಿನವಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ಮನೆಯ ತಾಯಿ ನನ್ನ ಒದ್ದೆ ಜಡೆ ಬಿಚ್ಚಿ ಟವೆಲಿನಿಂದ ಒರೆಸಿದರು, ತಿನ್ನು ತಿನ್ನು ಎಂದು ಮತ್ತೆ ಮತ್ತೆ ಬಡಿಸಿದರು. ಅವರ ಮಗಳು ಸಮೀನಾ ನನ್ನ ವಯಸ್ಸಿನವಳೇ. ಮಹಡಿಯ ಕಿಟಕಿಯಿಂದ ಪೂರ್ತಿ ಪಂದ್ಯ ನೋಡಿದ್ದಳಂತೆ. ನಾನು ಮ್ಯಾನೇಜರು ಎಂದು ಅವಳಿಗೂ ಗೊತ್ತಾಗಿತ್ತು. ಅವಳ ಅಣ್ಣನ ಕಂಪ್ಯೂಟರಿನಲ್ಲಿಯೂ ಅದೇ ಆಟ ಇತ್ತು, ಅವನಿಲ್ಲದಾಗ ಅವಳು ಆಡುತ್ತಿದ್ದಳು. ಆದರೆ ಆಡುತ್ತೇನೆಂದು ಅಣ್ಣನಿಗೆ ಹೇಳಿರಲಿಲ್ಲ. ನಿನ್ನ ಮಾತನ್ನು ಅಷ್ಟೊಂದು ಹುಡುಗರು ಕೇಳುತ್ತಾರಲ್ಲ ಎಂದು ನನ್ನನ್ನೇ ನೋಡುತ್ತ ಕೂತಳು. ಅವಳ ಕಣ್ಣಲ್ಲಿದ್ದದ್ದು ಅಸೂಯೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ಎರಡೂ ನನಗೆ ಸಲ್ಲುವಂಥವಾಗಿರಲಿಲ್ಲ.

ಆಮೇಲೆ ಅವಳು ಕೇಳಿದಳು. “ಆ ಕೊನೆಗೆ ಬಂದ ಹುಡುಗ, ಗೋಲು ಖಾಲಿ ಇತ್ತಲ್ಲ. ಅವನು ಯಾಕೆ ಹೊಡೀಲಿಲ್ಲ?”

ಆಟ ಬಲ್ಲವಳು ಕೇಳುವ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು, ಆ ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿಲ್ಲ ಎಂದು ತಟ್ಟೆಯಲ್ಲಿ ಕೈಯಾಡಿಸಿದೆ. ಕಣ್ಣೀರು ಬಂದುಬಿಟ್ಟಿತು. ಖಾರ ಆಯಿತೇನೋ ಎಂದು ಅವಳ ತಾಯಿ ಓಡಿಹೋಗಿ ಸಕ್ಕರೆ ತಂದರು. ಸಕ್ಕರೆ ತಿಂದೆ.

ವಾಪಸು ಬರುವಾಗ ರೈಲಿನಲ್ಲಿ ಯಾರೂ ನನ್ನನ್ನು ದೂರಲಿಲ್ಲ. ಹುಡುಗರು ಮುರ್ಡೇಶ್ವರ ದಾಟಿದ ಮೇಲೆ ಹಾಡು ಶುರು ಮಾಡಿದರು. ಸೋಲು ಅವರಿಗೆ ಹೊಸದೇನಲ್ಲ, ಮರೆಯಲು ಅರ್ಧ ಗಂಟೆ ಸಾಕಿತ್ತು. ಪಾಂಡುರಂಗ ಮಗನ ತಲೆ ಒರೆಸಿ, ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಇಳಿಯುವಾಗ ಅಪ್ಪನಿಗೆ ಕೈ ಮುಗಿದು, ಮಗಳು ಬಹಳ ಶಾಣ್ಯಾ ಇದ್ದಾಳೆ ಎಂದು ಹೇಳಿ ಹೋದರು. ಅಪ್ಪ ಹೆಮ್ಮೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಆ ಕೈಯಡಿಯಿಂದ ಹೇಗಾದರೂ ಜಾರಿಕೊಳ್ಳಬೇಕೆಂದು ಛತ್ರಿ ಬಿಚ್ಚುವ ನೆವ ಮಾಡಿದೆ.

ಎರಡು ದಿನ ಅಂಗಡಿಯ ಕಡೆ ಹೋಗಲಿಲ್ಲ. ಮೂರನೇ ದಿನ ಹೋದಾಗ ದಾಮು ಜಗಲಿಯಲ್ಲಿ ಕಾದು ಕೂತಿದ್ದ. ಒಬ್ಬನೇ ಬಂದಿದ್ದ. ಈಗ ಎಷ್ಟಾಯಿತು, ನೋಡಿ ಹೇಳು ಎಂದ. ಮೊದಲು ನನಗೆ ಅರ್ಥವಾಗಲಿಲ್ಲ. ಭಟ್ಕಳದಲ್ಲಿ ತಾನು ಕೊಟ್ಟ ಪಾಸುಗಳಿಂದ ಕಂಪ್ಯೂಟರಿನ ಅಂಕ ಹೆಚ್ಚಾಗಿರುತ್ತದೆಂದು ಅವನು ನಂಬಿದ್ದ.

ಆಗ ನಾನು ಹೇಳಿಯೇಬಿಟ್ಟೆ. ಅದು ಕಂಪ್ಯೂಟರ್ ಕೊಟ್ಟ ಅಂಕ ಅಲ್ಲ, ನಾನೇ ಹಾಕಿದ್ದು, ಅಣ್ಣ ಮನೆಯಲ್ಲಿ ಗೊಣಗುತ್ತಿದ್ದನೆಂದು ಸುಮ್ಮನೆ ಹಾಕಿದ್ದು, ನನಗೆ ಫುಟ್‌ಬಾಲ್ ಗೊತ್ತೇ ಇಲ್ಲ, ನೀನು ಮೊದಲಿನ ಹಾಗೇ ಆಡು ಎಂದೆ. ಅಳುತ್ತಲೇ ಹೇಳಿದೆ. ದಾಮು ನಕ್ಕುಬಿಟ್ಟ. ತನಗೆ ಸಮಾಧಾನವಾಗಲೆಂದು ನಾನು ಹೀಗೆ ಹೇಳುತ್ತಿದ್ದೇನೆ ಎಂದುಕೊಂಡನೋ ಏನೋ.

“ಕಂಪ್ಯೂಟರಲ್ಲಿ ಇದ್ದದ್ದು ಸುಳ್ಳಾಗ್ತದಾ? ನೋಡು ನೀನು,” ಅಂದ.

ನಾನು ಕಣ್ಣೊರೆಸಿಕೊಂಡು ಕಂಪ್ಯೂಟರ್ ಶುರು ಮಾಡಿ, ಅವನಿಗೆ ಕಾಣದಂತೆ ಪರದೆಗೆ ಅಡ್ಡ ಕೂತು, ನಾಲ್ಕನ್ನು ಅಳಿಸಿ ಹದಿನೈದು ಮಾಡಿದೆ. ಆಮೇಲೆ ಕರೆದು ತೋರಿಸಿದೆ. ಅವನು ಬೆರಳಿಟ್ಟು ಓದಿದ. ಇನ್ನೂ ಐದು ಬೇಕಲ್ಲ ಎಂದು, ಮಳೆಯಲ್ಲಿ ಛತ್ರಿಯಿಲ್ಲದೆ, ಬಹಳ ಖುಷಿಯಿಂದ ಹೆಡ್ ಬಂದರದ ಕಡೆ ಓಡಿದ.

ಸ್ವಲ್ಪ ದಿನಕ್ಕೆ ಶ್ರಾವಣ ಬಂತು. ಬೋಟುಗಳು ನೀರಿಗಿಳಿದವು, ಅಂಗಡಿಗೆ ಲಗ್ನಪತ್ರಿಕೆಯವರು ಬರತೊಡಗಿದರು. ಹೊಸ ಡಿಸೈನುಗಳಿಗೆ ಜಾಗ ಸಾಲುವುದಿಲ್ಲವೆಂದು ಅಪ್ಪ ಆಟವನ್ನು ತೆಗೆದುಹಾಕಿದರು. ನಾನು ಬೇಡವೆನ್ನಲಿಲ್ಲ. ಅಣ್ಣನೂ ಕೇಳಲಿಲ್ಲ. ಹುಡುಗರೆಲ್ಲ ಕಾಲೇಜಿಗೆ ಹೋಗುವವರೆಗೂ ದಾಮು ಅವರ ಜೊತೆ ಆಡಿದ. ಆಡಿದ್ದನ್ನು ನಾನು ಒಂದೆರಡು ಸಲ ನೋಡಿದೆ, ಆಮೇಲೆ ನೋಡಲು ಹೋಗುವುದನ್ನೇ ಬಿಟ್ಟೆ.

ಈಗ ಹೊನ್ನಾವರದಲ್ಲಿ ನನ್ನದೇ ಪ್ರಿಂಟಿಂಗ್ ಅಂಗಡಿ ಇದೆ. ಆಷಾಢದಲ್ಲಿಯೂ ಬಿಡುವಿಲ್ಲ, ಹುಟ್ಟುಹಬ್ಬದ ಫ್ಲೆಕ್ಸುಗಳಿಗೆ ಆಷಾಢ ಅಡ್ಡ ಬರುವುದಿಲ್ಲ. ಅಂಥ ಆಟಗಳು ಫೋನಿನಲ್ಲೇ ಸಿಗುತ್ತವೆ, ನನ್ನ ಮಗ ಆಡುತ್ತಾನೆ. ಅವನು ಏನಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ.

ಕಳೆದ ಚಳಿಗಾಲ ಮಕ್ಕಳನ್ನು ಕರೆದುಕೊಂಡು ಓಂ ಬೀಚಿಗೆ ಹೋಗಿದ್ದೆವು. ಪ್ರವಾಸಿಗರ ಬೋಟು ನಡೆಸುವವನು ನನ್ನನ್ನು ಗುರುತಿಸಿ, ವಿನಯನ ತಂಗಿ ಅಲ್ಲವಾ ಎಂದ. ದಾಮು. ಮೈ ತುಂಬಿಕೊಂಡಿದೆ, ಗಡ್ಡ ಅಲ್ಲಲ್ಲಿ ಬೆಳ್ಳಗಾಗಿದೆ. ಅವನ ಅಪ್ಪ ತೀರಿಕೊಂಡು ಬಹಳ ವರ್ಷವಾಯಿತಂತೆ. ನನ್ನ ಮಕ್ಕಳನ್ನು ಬೋಟಿನಲ್ಲಿ ಸುತ್ತಿಸಿ, ಎಷ್ಟು ಹೇಳಿದರೂ ನಮ್ಮಿಂದ ಏನೂ ತೆಗೆದುಕೊಳ್ಳಲಿಲ್ಲ. ಸಂಜೆ ಬೋಟಿನ ಹುಡುಗರು ಮರಳಲ್ಲಿ ಫುಟ್‌ಬಾಲ್ ಆಡಲು ನಿಂತಾಗ ಎರಡೂ ಕಡೆಯವರು ದಾಮು ನಮಗೆ ಬೇಕು ಎಂದು ಜಗಳಾಡಿದರು. ಅವನು ನಮ್ಮ ಕಡೆ ಇದ್ದರೆ ಎಲ್ಲರಿಗೂ ಚೆಂಡು ಸಿಗುತ್ತದೆ ಎಂದು ಅಲ್ಲಿದ್ದ ಒಬ್ಬ ನನಗೆ ಹೇಳಿದ. ನೋಡಿದೆ, ನಿಜ. ತಲೆಯೆತ್ತಿ ನೋಡುವುದು, ಯಾರಿಗೆ ಬೇಕೋ ಅವರಿಗೆ ಕೊಡುವುದು. ಚಲೋ ಆಟ.

ಆಟ ಮುಗಿಸಿ ಬಂದವನಿಗೆ, ಮೊದಲೆಲ್ಲ ನೀನು ಹೀಗೆ ಆಡುತ್ತಿರಲಿಲ್ಲ ಎಂದೆ. ಹೇಳದೆ ಇರಲಾಗಲಿಲ್ಲ.

“ನೀನೇ ತಿದ್ದಿದ್ದಲ್ದಾ ತಂಗಿ,” ಅಂದ ದಾಮು. “ಆವಾಗ ಬರೀ ನಾನೇ ನಾನೇ ಅಂತ ಆಡ್ತಿದ್ದೆ. ನೀನು ಹೇಳದೇ ಇದ್ದಿದ್ರೆ ಹಾಗೇ ಉಳೀತಿದ್ದೆ.” ಪಕ್ಕದಲ್ಲಿದ್ದ ನನ್ನ ಮಗನ ತಲೆ ಸವರಿ, ನಿನ್ನ ಅಮ್ಮ ನಮ್ಮ ಮ್ಯಾನೇಜರ್ ಆಗಿದ್ದಳು ಎಂದು ಹೇಳಿದ. ಅವನ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಗ ನನ್ನನ್ನು ಹೊಸಬಳಂತೆ ನೋಡಿದ. ನಾನು ಸಮುದ್ರದ ಕಡೆ ತಿರುಗಿದೆ.

ಈಗಲೂ ಕುಮಟೆಗೆ ಹೋದಾಗ ಹೆಡ್ ಬಂದರದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹುಡುಗರು ಮೊದಲಿಗಿಂತ ಚೆನ್ನಾಗಿ ಆಡುತ್ತಾರೆ. ಕಾಲಿಗೆ ಬೂಟು, ಮೈಗೆ ಹೆಸರು ಬರೆದ ಅಂಗಿ, ಕೆಲವು ದಿನ ಕಲಿಸುವವರೂ ಬರುತ್ತಾರೆ. ಹುಡುಗಿಯರೂ ಆಡುತ್ತಾರೆ, ಅದು ಸಂತೋಷವೇ. ಪಾಸ್ ಕೊಡುವುದು, ಜಾಗ ನೋಡಿ ನಿಲ್ಲುವುದು ಎಲ್ಲರಿಗೂ ಗೊತ್ತು. ಆದರೆ ಗೋಲು ತೆರೆದು ಬಿದ್ದಿರುವಾಗ ಅದನ್ನು ಬಿಟ್ಟು, ನಗುತ್ತ ಹಿಂದಿರುಗಿ ಬಂದು, ಆಗಷ್ಟೇ ದಾಟಿದವನನ್ನು ಮತ್ತೊಮ್ಮೆ ದಾಟುವವನು ಅವರಲ್ಲಿ ಒಬ್ಬನೂ ಇಲ್ಲ. ಹಾಗೆ ನಗುತ್ತ ಆಡುವವನೊಬ್ಬ ಇದ್ದನೆಂಬುದು ದಾಮುವಿಗೇ ಮರೆತುಹೋಗಿದೆ.